ಕಂಬಕ್ಕೆ ಹಾಕಿದ ಕ್ಲಾಂಪು

ನಮ್ಮ ಮೇಸ್ತ್ರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಅವರವರು ಮಾಡಿದ ತಪ್ಪು ಮಾತ್ರ ನೆನಪಿರುತ್ತಿತ್ತು. ಗೇಟಿನ ಅಳತೆಯಲ್ಲಿ ಒಂದು ಇಂಚು ತಪ್ಪಿಸಿದವನನ್ನು ಅವನು ಕೆಲಸ ಬಿಟ್ಟು ಹೋಗುವವರೆಗೂ ‘ಒಂದಿಂಚು’ ಎಂದೇ ಕರೆದರು. ವೆಲ್ಡಿಂಗ್ ಕೇಬಲ್ಲನ್ನು ಹಗ್ಗದ ಹಾಗೆ ಸುತ್ತಿಟ್ಟುಕೊಂಡು ಕೆಲಸ ಮಾಡುತ್ತಿದ್ದ ಇನ್ನೊಬ್ಬನ ಕುತ್ತಿಗೆಗೆ ಅದೇ ಸುತ್ತನ್ನು ಹಾಕಿ, ಮಧ್ಯಾಹ್ನದ ಊಟದವರೆಗೆ ಸಭೆಯ ಅಧ್ಯಕ್ಷರ ಹಾಗೆ ಕುರ್ಚಿಯಲ್ಲಿ ಕೂರಿಸಿದ್ದರು. ಆ ಕೇಬಲ್ಲು ಹತ್ತು ಹನ್ನೆರಡು ಕಿಲೋ ಭಾರ ಇತ್ತು. ಅವನು ಅತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದವರ ಜೊತೆ ನಾನೂ ನಕ್ಕಿದ್ದೇನೆ.

ಅವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಶೆಡ್ಡಿನಲ್ಲೇ ಒಂದು ಸಣ್ಣ ಸಂತಾಪ ಸಭೆ ಇಟ್ಟಿದ್ದರು. “ನೀನು ನಾಲ್ಕು ಮಾತಾಡು ಮಾರಾಯ, ನಿನ್ನ ಮೇಲೆ ಅವರಿಗೆ ಭಾರೀ ಅಭಿಮಾನ ಇತ್ತು” ಎಂದರು ಶೆಡ್ಡಿನ ಧಣಿಗಳು. ನಾನು ಎದ್ದು ನಿಂತು ಶಿಸ್ತು, ಪ್ರಾಮಾಣಿಕತೆ, ತಂದೆಯ ಸಮಾನ ಎಂದೆಲ್ಲ ಹೇಳಿ ಕೂತೆ. ಒಂದಿಬ್ಬರು ಚಪ್ಪಾಳೆ ತಟ್ಟಲು ಹೋಗಿ, ಇದು ಸಂತಾಪ ಸಭೆ ಎಂದು ನೆನಪಾಗಿ ಕೈ ಇಳಿಸಿದರು. ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಳು ಗಿಡ್ಡ, ಒಣಕಲು. ಮೊಣಕೈಯಿಂದ ಕೆಳಗೆ ಎರಡೂ ಕೈಗಳಲ್ಲಿ ಕಿಡಿ ಹಾರಿದ ಚುಕ್ಕಿಗಳು. ಖಾಕಿ ಅಂಗಿಯ ಕಾಲರನ್ನು ಒಳಗೆ ಮಡಚಿ ಅದರಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಕಿಸೆಯಲ್ಲಿ ಒಂದು ಹಳೆಯ ಟ್ರಾನ್ಸಿಸ್ಟರ್. ಅದರಲ್ಲಿ ಹಾಡು ಕೇಳಿದ್ದನ್ನು ಯಾರೂ ಕಂಡಿಲ್ಲ. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಅದರ ಮುಳ್ಳನ್ನು ತಿರುಗಿಸಿಟ್ಟು, ಕೇಬಲ್ಲುಗಳ ಮೇಲೆ, ಕಂಬಗಳ ಬದಿಯಲ್ಲಿ, ವೈದ್ಯರು ಎದೆ ನೋಡುವ ಹಾಗೆ ಹಿಡಿದುಕೊಂಡು ಓಡಾಡುತ್ತಿದ್ದರು. ಹೊಸಬರಿಗೆ ಇದೊಂದು ಹುಚ್ಚು ಎಂದು ಕಾಣುತ್ತಿತ್ತು. ನನಗೂ ಕಂಡಿತ್ತು.

ವೆಲ್ಡಿಂಗಿನ ಕಿಡಿ ಬೆಳಕು, ಹೊಗೆಗಳ ಜೊತೆಗೆ ಕಣ್ಣಿಗೆ ಕಾಣದ ಒಂದು ಗಲಾಟೆಯನ್ನೂ ಹೊರಗೆ ಬಿಡುತ್ತದೆ. ಹತ್ತಿರದ ರೇಡಿಯೋ ಗರಗರ ಎನ್ನುತ್ತದೆ, ತೂಕದ ಮೆಷಿನ್ನಿನ ಅಂಕೆಗಳು ಕುಣಿಯುತ್ತವೆ. ಮೆಷಿನ್ನಿನಿಂದ ಬೆಸೆಯುವ ರಾಡಿಗೆ ಹೋದ ಕರೆಂಟು ಇನ್ನೊಂದು ಕೇಬಲ್ಲಿನಲ್ಲಿ ವಾಪಸು ಬರಬೇಕು. ಆ ಎರಡನೇ ಕೇಬಲ್ಲಿನ ತುದಿಯಲ್ಲಿರುವ ಇಕ್ಕಳವೇ ಕ್ಲಾಂಪು. ಅದನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕೆಂಬುದು ಕ್ರಮ. ನಮ್ಮ ಕಡೆಯ ಗ್ರಿಲ್ ಅಂಗಡಿಗಳಲ್ಲಿ ಅಷ್ಟು ದೂರ ಎಳೆಯುವವರು ಯಾರು? ಶೆಡ್ಡಿನ ಕಬ್ಬಿಣದ ಕಂಬಕ್ಕೆ ಬೆಳಿಗ್ಗೆ ಒಮ್ಮೆ ಕಚ್ಚಿಸಿದರೆ ಸಂಜೆಯವರೆಗೆ ಅಲ್ಲಿಯೇ. ಕೆಲಸದ ಮೇಜನ್ನು ಆ ಕಂಬಕ್ಕೇ ಬೆಸೆದಿರುತ್ತಾರೆ, ಕರೆಂಟು ಹೇಗೋ ದಾರಿ ಹುಡುಕಿಕೊಂಡು ಬರುತ್ತದೆ. ಆಗ ಕಂಬ, ತಲೆಯ ಮೇಲಿನ ಮಾಡಿನ ಪೈಪು, ಶೀಟು ಎಲ್ಲ ಸೇರಿ ಇಡೀ ಶೆಡ್ಡೇ ಗಲಾಟೆ ಮಾಡುತ್ತದೆ.

“ಹೋಗುವ ವಯರೂ ಬರುವ ವಯರೂ ಗಂಡ ಹೆಂಡತಿಯ ಹಾಗೆ” ಎನ್ನುತ್ತಿದ್ದರು ಮೇಸ್ತ್ರಿ. “ಮಾತಾಡದಿದ್ರೆ ಅಡ್ಡಿಲ್ಲ, ಒಟ್ಟಿಗೆ ಹೋಗ್ಬೇಕು. ಬೇರೆ ಬೇರೆ ದಾರಿಯಲ್ಲಿ ಹೋದ್ರೆ ಊರಿಗೆಲ್ಲ ಸುದ್ದಿ.” ಎರಡು ಕೇಬಲ್ಲುಗಳನ್ನೂ ಜೋಡಿಸಿ, ಮೊಳಕ್ಕೊಂದರಂತೆ ಬಟ್ಟೆಯ ಚಿಂದಿಯಲ್ಲಿ ಕಟ್ಟಿಸುತ್ತಿದ್ದರು. ಕಟ್ಟು ಸಡಿಲವಾದರೆ ಬೈಗುಳ. ಅವರು ಬೈಯುತ್ತಿದ್ದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಉಳಿದರ್ಧವನ್ನು ಅಚ್ಚು ಹಾಕುವ ಹಾಗಿಲ್ಲ.

ಮೂಡುಬಿದಿರೆಯ ಒಂದು ಗ್ರಿಲ್ ಅಂಗಡಿಯಲ್ಲಿ ಎಂಟು ವರ್ಷ ದುಡಿದು, ಕೈ ಪಳಗಿದೆ ಎಂಬ ಅಹಂಕಾರದಲ್ಲಿ ನಾನು ಸಿದ್ದಕಟ್ಟೆಯ ಈ ಶೆಡ್ಡಿಗೆ ಸೇರಿದವನು. ಅಂಗಳದ ಶೀಟಿನ ಮಾಡು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ಇಲ್ಲಿಯ ಕೆಲಸ. ಗೋಡೆಯಾಚೆ ಹಾಲಿನ ಸೊಸೈಟಿ. ನಾನು ಸೇರಿ ಎರಡು ವಾರ ಆಗುವಾಗ ಅಲ್ಲಿ ಜಗಳ ಶುರುವಾಯಿತು. ಸಂಜೆಯ ಹೊತ್ತು ಕೊಬ್ಬು ಅಳೆಯುವ ಮೆಷಿನ್ನು ಒಂದೇ ಹಾಲಿಗೆ ದಿನಕ್ಕೊಂದು ಅಂಕೆ ತೋರಿಸುತ್ತಿತ್ತು. ಯಾವತ್ತೂ ನಾಲ್ಕಕ್ಕಿಂತ ಇಳಿಯದ ಒಬ್ಬ ಹೆಂಗಸಿನ ಹಾಲು ಎರಡೂವರೆಗೆ ಇಳಿಯಿತು. “ನೀರು ಎಂತದಾದ್ರೂ ಬಿದ್ದಿದೆಯಾ ಅಕ್ಕ?” ಎಂದು ಸೆಕ್ರೆಟರಿ ಕೇಳಿದ್ದೇ ತಡ, ಆಕೆ ಕ್ಯಾನನ್ನು ಅಲ್ಲೇ ಕವುಚಿ ಹಾಕಿ ಅಳುತ್ತಾ ಹೋದಳಂತೆ.

ಮರುದಿನ ಸಂಜೆ ಮೇಸ್ತ್ರಿ ಟ್ರಾನ್ಸಿಸ್ಟರ್ ಹಿಡಿದುಕೊಂಡು ಸೊಸೈಟಿಯ ಜಗಲಿಯಲ್ಲಿ ನಿಂತರು. ನಾನು ರಾಡ್ ತಾಗಿಸಿದಾಗಲೆಲ್ಲ ಅದು ಗರಗರ ಎಂದಿತು. ಆ ಸದ್ದನ್ನೇ ಹಿಂಬಾಲಿಸಿಕೊಂಡು ಗೋಡೆ ಬಳಸಿ ಬಂದವರು ನಾನು ಕ್ಲಾಂಪು ಕಚ್ಚಿಸಿದ್ದ ಕಂಬದ ಎದುರು ನಿಂತರು. ನಮ್ಮ ಮಾಡಿನ ಶೀಟು ಸೊಸೈಟಿಯ ಮಾಡಿನ ಶೀಟಿಗೆ ತಾಗಿಕೊಂಡಿತ್ತು. ಕ್ಲಾಂಪನ್ನು ಕೆಲಸದ ಪಕ್ಕಕ್ಕೆ ತರಿಸಿ, ಕೇಬಲ್ಲುಗಳನ್ನು ಜೋಡಿಸಿ ಕಟ್ಟಿಸಿ, ಇನ್ನೊಮ್ಮೆ ರಾಡ್ ತಾಗಿಸಲು ಹೇಳಿದರು. ರೇಡಿಯೋ ಹೆಚ್ಚುಕಡಿಮೆ ಸುಮ್ಮನಾಯಿತು. ಅಷ್ಟಕ್ಕೇ ಬಿಡಲಿಲ್ಲ. ಸೊಸೈಟಿಯ ಮೆಷಿನ್ನಿಗೆ ಬೇರೆ ಲೈನು, ಬೇರೆ ಅರ್ತ್ ಹಾಕಿಸಿದರು. ಮಾಡಿನ ಶೀಟುಗಳ ನಡುವೆ ಒಂದು ಗೇಣು ಕತ್ತರಿಸಿ ತೆಗೆಸಿದರು. ಅಂಕೆಗಳು ಅಲ್ಲಾಡುವುದು ನಿಂತಿತು. ಕೆಲಸದಲ್ಲಿ ಅವರನ್ನು ಮೀರಿಸಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ, ಇದನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.

ಅಷ್ಟು ಮಾಡಿ ಮನೆಗೆ ಹೋಗಿದ್ದರೆ ಅವರು ದೇವರಂಥ ಮನುಷ್ಯ. ಹೋಗಲಿಲ್ಲ. ಕ್ಲಾಂಪನ್ನು ನನ್ನ ಅಂಗಿಯ ಕಾಲರಿಗೆ ಕಚ್ಚಿಸಿ, ರಟ್ಟೆ ಹಿಡಿದು ಸೊಸೈಟಿಯ ಜಗಲಿಗೆ ಎಳೆದುಕೊಂಡು ಹೋದರು. ಕ್ಯಾನ್ ಹಿಡಿದು ಸಾಲಾಗಿ ನಿಂತಿದ್ದ ಮೂವತ್ತು ಹೆಂಗಸರ ಎದುರು ನಿಲ್ಲಿಸಿ ಹೇಳಿದರು: “ನೋಡಿಕೊಳ್ಳಿ. ನಿಮ್ಮ ಹಾಲಿಗೆ ನೀರು ಹಾಕಿದವ ಇವನೇ.”

ಅಂದಿನಿಂದ ನಾನು ‘ನೀರಿನವ’. ಶೆಡ್ಡಿನಲ್ಲಿ ನೀರಿನವ, ಕ್ಷೌರದಂಗಡಿಯಲ್ಲಿ ನೀರಿನವ, ಬಸ್ಸಿನ ಕಂಡಕ್ಟರನಿಗೂ ನೀರಿನವ. ಆ ವರ್ಷ ನಾರಾವಿ ಕಡೆಯ ಒಂದು ಸಂಬಂಧ ಮಾತಾಗಿ, ಹುಡುಗಿಯೂ ಒಪ್ಪಿದ್ದಳು. ಅವಳ ಚಿಕ್ಕಮ್ಮನ ಮನೆ ಸಿದ್ದಕಟ್ಟೆಯಲ್ಲಿತ್ತು. ಸುದ್ದಿ ನಾರಾವಿಗೆ ಮುಟ್ಟುವಾಗ ದಾರಿಯಲ್ಲಿ ಕರೆಂಟು, ಕಂಬ, ಕ್ಲಾಂಪು ಎಲ್ಲ ಉದುರಿಹೋಗಿ ಹಾಲು, ನೀರು ಎರಡೇ ಉಳಿದಿದ್ದವು. “ಹುಡುಗನ ಕೈ ಸರಿ ಇಲ್ಲ ಅಂತ ಕೇಳಿದೆವು” ಎಂದು ಫೋನು ಇಟ್ಟರು. ನಾನು ಮೇಸ್ತ್ರಿಗೆ ಹೇಳಿದೆ. ಅವರು ಚಾ ಕುಡಿಯುತ್ತಾ, “ಕ್ಲಾಂಪು ಸರಿ ಹಾಕುವವನಿಗೆ ಹುಡುಗಿ ಸಿಕ್ತಾಳೆ” ಎಂದರು. ಆಮೇಲೆ ನನಗೆ ಬೇರೆ ಕಡೆ ಮದುವೆಯಾಯಿತು, ಹೆಂಡತಿ ಒಳ್ಳೆಯವಳು. ಆದರೂ ಆ ಮಾತನ್ನು ನಾನು ಒಂದು ದಿನಕ್ಕೂ ಮರೆಯಲಿಲ್ಲ.

ನಾಲ್ಕು ವರ್ಷದ ಹಿಂದೆ ಮೇಸ್ತ್ರಿ ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಲ್ಲೇ ಕುಸಿದರು. ಎದೆಬಡಿತ ತೀರಾ ನಿಧಾನವಾಗಿತ್ತಂತೆ. ಮಂಗಳೂರಿನಲ್ಲಿ ಎಡ ಭುಜದ ಕೆಳಗೆ ಚರ್ಮದ ಒಳಗೆ ಪೇಸ್‌ಮೇಕರ್ ಇಟ್ಟು ಕಳಿಸಿದರು. ಎದೆ ತಾನಾಗಿ ಬಡಿದರೆ ಅದು ಸುಮ್ಮನಿರುತ್ತದೆ, ಬಡಿಯದಿದ್ದರೆ ತಾನೇ ತಟ್ಟಿ ಎಬ್ಬಿಸುತ್ತದೆ. ಹೊರಗಿನ ಗಲಾಟೆಯನ್ನು ಎದೆಬಡಿತವೆಂದು ತಿಳಿದು ಅದು ಸುಮ್ಮನಾದರೆ ಅಪಾಯ. ವೆಲ್ಡಿಂಗ್ ಶೆಡ್ಡಿಗೆ ಇನ್ನು ಹೋಗಬಾರದೆಂದೇ ಡಾಕ್ಟರು ಮೊದಲು ಹೇಳಿದ್ದು. “ಶೆಡ್ಡು ಬಿಟ್ರೆ ನನಗೆ ಇದು ಯಾಕೆ? ತೆಗೆದುಬಿಡಿ” ಎಂದು ಇವರು ಅಂಗಿಯ ಗುಂಡಿ ಬಿಚ್ಚಿದರಂತೆ. ಕೊನೆಗೆ ಡಾಕ್ಟರು, ಸ್ವಂತ ಕೈಯಲ್ಲಿ ರಾಡ್ ಹಿಡಿಯದೆ ದೂರ ಕೂತು ಕೆಲಸ ಮಾಡಿಸಬಹುದು ಎಂದು ಒಪ್ಪಿ, ಪಾಲಿಸಬೇಕಾದ ಕ್ರಮಗಳ ಒಂದು ಕಾಗದ ಕೊಟ್ಟರು. ಅದರಲ್ಲಿ ಒಂದು ತಪ್ಪಿದರೂ ಶೆಡ್ಡು ಬಂದ್ ಎಂದು ಎಚ್ಚರಿಸಿಯೇ ಕಳಿಸಿದರು.

ಕಾಗದ ಇಂಗ್ಲಿಷಿನಲ್ಲಿತ್ತು. ಚಾದ ಹೊತ್ತಿಗೆ ಎಲ್ಲರನ್ನೂ ಸೇರಿಸಿ ನನ್ನಿಂದ ಕನ್ನಡದಲ್ಲಿ ಓದಿಸಿದರು. ಎರಡು ಕೇಬಲ್ಲುಗಳನ್ನೂ ಜೋಡಿಸಿ ಇಡಬೇಕು. ಸುತ್ತಿ ಇಡಬಾರದು. ಕ್ಲಾಂಪು ಕೆಲಸದ ಪಕ್ಕದಲ್ಲೇ ಇರಬೇಕು. ಕರೆಂಟು ಹರಿಯುವ ಕಬ್ಬಿಣಕ್ಕೆ ಮೈ ತಾಗಿಸಬಾರದು. ಟಕ್ ಟಕ್ ಎಂದು ಬೇಗ ಬೇಗ ಚುಕ್ಕಿ ಇಡುವ ಹಾಗೆ ಬೆಸೆಯಬಾರದು, ಒಂದು ಚುಕ್ಕಿಗೂ ಇನ್ನೊಂದಕ್ಕೂ ನಡುವೆ ಹತ್ತು ಸೆಕೆಂಡ್ ಬಿಡಬೇಕು. ಮೇಸ್ತ್ರಿ ನಕ್ಕರು. “ಇಪ್ಪತ್ತು ವರ್ಷದಿಂದ ನಾನು ಹೇಳಿದ್ದನ್ನೇ ಇವ್ರು ಇಂಗ್ಲಿಷಿನಲ್ಲಿ ಬರ್ದಿದ್ದಾರೆ” ಎಂದರು. ಧಣಿಗಳು ನನ್ನ ಕಡೆ ತಿರುಗಿ, “ಕೇಬಲ್ಲಿನ ಹೆದರಿಕೆ ನಿನಗೇ ಹೆಚ್ಚು ಇರುವುದು, ನೀನೇ ನೋಡಿಕೋ” ಎಂದರು. ಹೀಗೆ ಆ ಮನುಷ್ಯನ ಜೀವ ನನ್ನ ಕೈಗೆ ಬಂತು. ಮೇಸ್ತ್ರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸರಿ, ನೀರಿನವನನ್ನೇ ಹಾಲಿಗೆ ಕಾವಲು ಇಟ್ಟ ಹಾಗಾಯ್ತು” ಎಂದರು.

ಮೆಷಿನ್ನುಗಳ ಸುತ್ತ ನಾನು ನೆಲಕ್ಕೆ ಹಳದಿ ಗೆರೆ ಎಳೆದೆ. ಗೆರೆಯ ಹೊರಗೆ ಅವರಿಗೆ ಪ್ಲಾಸ್ಟಿಕ್ ಕುರ್ಚಿ. ದಿನಕ್ಕೆ ಎರಡು ಸಲ ಕಟ್ಟುಗಳನ್ನು ನೋಡುತ್ತಿದ್ದೆ, ಅವರದ್ದೇ ಟ್ರಾನ್ಸಿಸ್ಟರ್ ಹಿಡಿದು ಸುತ್ತು ಹಾಕುತ್ತಿದ್ದೆ. ಏಳೆಂಟು ತಿಂಗಳು ಒಂದೂ ತಪ್ಪಾಗಲಿಲ್ಲ. ಅವರ ನಾಲಿಗೆ ಮಾತ್ರ ಗೆರೆ ದಾಟಿ ಒಳಗೇ ಇರುತ್ತಿತ್ತು.

ಆ ದಿನ ಗುರುವಾರ. ಚಾರ್ಮಾಡಿ ಕಡೆಯ ಒಬ್ಬರು ತಮ್ಮ ಗೇಟಿನ ಕೆಲಸ ನೋಡಲು ಮಗಳನ್ನು ಕರೆದುಕೊಂಡು ಬಂದಿದ್ದರು. ನಾನು ಬೆಸೆದದ್ದನ್ನು ನೋಡಿ, “ಚೆಂದ ಆಗಿದೆ” ಎಂದರು. ಮೇಸ್ತ್ರಿ ಕುರ್ಚಿಯಿಂದಲೇ, “ಇವನ ಹೆಸರು ಗೊತ್ತುಂಟಾ ನಿಮಗೆ?” ಎಂದು ಶುರು ಮಾಡಿದರು. ಹಾಲು, ಕಾಲರಿನ ಕ್ಲಾಂಪು, ಮೂವತ್ತು ಹೆಂಗಸರು, ನಾರಾವಿಯ ಹುಡುಗಿ, ಒಂದನ್ನೂ ಬಿಡಲಿಲ್ಲ. ಅಪ್ಪ ಮಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಹೋದರು. ಉಳಿದವರು ಚಾ ಕುಡಿಯಲು ಹೊರಗೆ ಹೋದರು. ಮೇಸ್ತ್ರಿ ಕುರ್ಚಿಯನ್ನು ಕಂಬದ ಹತ್ತಿರ ಎಳೆದು, ಕಂಬಕ್ಕೆ ಬೆನ್ನು ಆನಿಸಿ ಕೂತು, ಇನ್ನೂ ತಮ್ಮಷ್ಟಕ್ಕೇ ನಗುತ್ತಾ ಚಾ ಊದಿಕೊಳ್ಳುತ್ತಿದ್ದರು.

ನಾನು ಕೆಲಸದ ಪಕ್ಕದಿಂದ ಕ್ಲಾಂಪು ತೆಗೆದು ಆ ಕಂಬಕ್ಕೆ ಕಚ್ಚಿಸಿದೆ.

ಮರೆತು ಹಾಕಿದ್ದಲ್ಲ. ಹಳೆಯ ಅಭ್ಯಾಸದಿಂದ ಕೈ ಹೋದದ್ದೂ ಅಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ನಂಬಲು ಆಗಲಿಲ್ಲ. ಕಟ್ಟಿದ್ದ ಕೇಬಲ್ಲನ್ನು ಬಿಡಿಸಬೇಕಾಗಿತ್ತು, ಎರಡು ಚಿಂದಿಗಳ ಗಂಟು ಬಿಚ್ಚಿದೆ. ಅವರನ್ನು ಕೊಲ್ಲಬೇಕೆಂದು ಇರಲಿಲ್ಲ. ಆ ನಗೆ ಒಮ್ಮೆ ನಿಲ್ಲಬೇಕೆಂದು ಇತ್ತು. ಮುಖಕ್ಕೆ ಮಾಸ್ಕ್ ಎಳೆದುಕೊಂಡು, ಗೇಟಿನ ಪಟ್ಟಿಗೆ ಟಕ್, ಟಕ್, ಟಕ್ ಎಂದು ಚುಕ್ಕಿ ಇಡುತ್ತಾ ಹೋದೆ. ಹತ್ತು ಸೆಕೆಂಡ್ ಬಿಡಲಿಲ್ಲ. ಕಾಗದವನ್ನು ಓದಿ ಹೇಳಿದ ನಾಲಿಗೆ ನನ್ನದೇ ಆಗಿತ್ತು.

ಗ್ಲಾಸು ಬಿದ್ದ ಸದ್ದು ಕೇಳಿ ಮಾಸ್ಕ್ ಎತ್ತಿದೆ. ಅವರು ಕುರ್ಚಿಯಿಂದ ಪಕ್ಕಕ್ಕೆ ಜಾರಿದ್ದರು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಮೊದಲು ಓಡಿದ್ದು ಅವರ ಹತ್ತಿರಕ್ಕಲ್ಲ, ಕಂಬದ ಹತ್ತಿರಕ್ಕೆ. ಕ್ಲಾಂಪು ತೆಗೆದು ಅದರ ಜಾಗಕ್ಕೆ ಹಾಕಿದೆ, ಚಿಂದಿಗಳನ್ನು ಮತ್ತೆ ಕಟ್ಟಿದೆ. ಅನಂತರ ಎಲ್ಲರನ್ನೂ ಕೂಗಿದೆ.

ಉಳಿದವರು ಬರುವಷ್ಟರಲ್ಲಿ ಮೇಸ್ತ್ರಿ ಕಣ್ಣು ಬಿಟ್ಟಿದ್ದರು. “ಎಂತ ಇಲ್ಲ ಮಾರಾಯ, ಬೆಳಿಗ್ಗೆ ತಿಂಡಿ ತಿಂದಿಲ್ಲ” ಎಂದು ನೀರು ಕುಡಿದರು. ಯಾರಿಗೂ ಸಂಶಯ ಬರಲಿಲ್ಲ. ನನಗೆ ಆ ಹೊತ್ತಿನಲ್ಲಿ ಪಶ್ಚಾತ್ತಾಪಕ್ಕಿಂತ ಸಮಾಧಾನವೇ ಹೆಚ್ಚು ಆಯಿತು. ತಪ್ಪಿಸಿಕೊಂಡೆ ಎಂದುಕೊಂಡೆ.

ಮೂರು ವಾರ ಕಳೆದ ಮೇಲೆ ಪೇಸ್‌ಮೇಕರ್ ಪರೀಕ್ಷೆ ಮಾಡಿಸುವುದಿತ್ತು. ಧಣಿಗಳು ಜೊತೆಗೆ ನನ್ನನ್ನೇ ಕಳಿಸಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಟೆಕ್ನೀಷಿಯನ್ ಒಬ್ಬ ಅವರ ಎದೆಯ ಮೇಲೆ ಒಂದು ಬಿಲ್ಲೆಯಂಥದ್ದನ್ನು ಇಟ್ಟು ಕಂಪ್ಯೂಟರ್ ನೋಡತೊಡಗಿದ. ಚರ್ಮದ ಒಳಗಿರುವ ಆ ಡಬ್ಬಿ ತನಗಾದದ್ದನ್ನೆಲ್ಲ ದಿನ, ಗಂಟೆ, ನಿಮಿಷ ಸಮೇತ ಬರೆದಿಟ್ಟುಕೊಳ್ಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಕಾಗದದಲ್ಲಿ ಅದನ್ನು ಬರೆದಿರಲಿಲ್ಲ.

ಡಾಕ್ಟರು ಬಂದು ಪರದೆಯನ್ನು ನೋಡಿ ಕೇಳಿದರು: “ಮೂರು ವಾರದ ಹಿಂದೆ, ಗುರುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನೀವು ಎಲ್ಲಿದ್ರಿ? ಹೊರಗಿನಿಂದ ಜೋರಾಗಿ ಕರೆಂಟಿನ ಗಲಾಟೆ ಬಂದಿದೆ. ಬಿಟ್ಟು ಬಿಟ್ಟು ಬಂದದ್ದು, ಹೃದಯ ಬಡಿದ ಹಾಗೆಯೇ. ಇದು ಮೋಸ ಹೋಗಿದೆ. ಕೆಲವು ಸೆಕೆಂಡ್ ಪೂರ್ತಿ ಸುಮ್ಮನಾಗಿದೆ.”

ಅಂಗಿ ಬಿಚ್ಚಿ ಮಲಗಿದ್ದ ಮೇಸ್ತ್ರಿ ತಲೆ ಹೊರಳಿಸಿ ನನ್ನನ್ನು ನೋಡಿದರು. ಗರಗರ ಸದ್ದನ್ನು ಹಿಂಬಾಲಿಸಿಕೊಂಡು ಕಂಬದವರೆಗೆ ಬಂದ ದಿನವೂ ಹಾಗೆಯೇ ನೋಡಿದ್ದರು. ಈಗ ಹೇಳುತ್ತಾರೆ, ಪೊಲೀಸರವರೆಗೆ ಹೋಗುತ್ತದೆ, ಮನೆಗೆ ಏನೆಂದು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಅವರ ಬಗ್ಗೆ ಆಗಲೂ ಯೋಚಿಸಲಿಲ್ಲ.

“ಮನೆಯಲ್ಲಿದ್ದೆ ಡಾಕ್ಟ್ರೇ” ಎಂದರು. “ಹೆಂಡತಿಯ ಗ್ರೈಂಡರ್ ಉಂಟು, ಮುಟ್ಟಿದ್ರೆ ಜುಮ್ ಅಂತದೆ. ಅದನ್ನು ಹಿಡ್ಕೊಂಡಿದ್ದೆ. ಇನ್ನು ಮುಟ್ಟುವುದಿಲ್ಲ.”

“ಶೆಡ್ಡಿನಲ್ಲಿ ಅಲ್ಲ ತಾನೇ? ಅಲ್ಲಿ ಆದದ್ದಾದ್ರೆ ನಾನು ಇನ್ನು ಬಿಡುವುದಿಲ್ಲ.”

“ಅಲ್ಲಿ ಎಂತ ಭಯ? ಇವ ಇದ್ದಾನಲ್ಲ. ಇವನಷ್ಟು ಜಾಗ್ರತೆಯವ ಈ ಜಿಲ್ಲೆಯಲ್ಲಿಲ್ಲ.”

ಅದು ನನ್ನ ಮೇಲಿನ ಕರುಣೆಯೆಂದು ಯಾರೂ ತಿಳಿಯಬೇಡಿ. ಸತ್ಯ ಹೇಳಿದ್ದರೆ ಅವರ ಪ್ಲಾಸ್ಟಿಕ್ ಕುರ್ಚಿ ಹೋಗುತ್ತಿತ್ತು. ಕುರ್ಚಿ ಉಳಿಸಿಕೊಳ್ಳಲು ನನ್ನನ್ನೂ ಉಳಿಸಬೇಕಾಯಿತು. ವಾಪಸು ಬಂದು ಬಸ್ಸಿನಿಂದ ಇಳಿಯುವಾಗ ನನ್ನನ್ನು ಹೆಸರು ಹಿಡಿದು ಕರೆದರು. ಆರು ವರ್ಷದಲ್ಲಿ ಅದೇ ಮೊದಲು.

ಅಲ್ಲಿಂದ ನನ್ನ ಶಿಕ್ಷೆ ಶುರುವಾಯಿತು. ಯಾರನ್ನೂ ಹೊಗಳಿ ಗೊತ್ತಿಲ್ಲದ ಆ ಮನುಷ್ಯ ನನ್ನನ್ನು ಹೊಗಳತೊಡಗಿದರು. ಗಿರಾಕಿಗಳ ಎದುರು, ಧಣಿಗಳ ಎದುರು, ಸೊಸೈಟಿಯ ಜಗಲಿಯಲ್ಲಿ ಅದೇ ಹೆಂಗಸರ ಎದುರು. “ನನ್ನ ಜೀವ ಇವನ ಕೈಯಲ್ಲಿ. ಒಂದು ದಿನವೂ ಕ್ಲಾಂಪು ತಪ್ಪಿಸಿದವ ಅಲ್ಲ.” ಹೇಳುವಾಗ ಕಣ್ಣು ನನ್ನ ಮೇಲೆ. ಬೇರೆಯವರನ್ನು ಮೊದಲಿನಂತೆಯೇ ಬೈಯುತ್ತಿದ್ದರು, ನನ್ನನ್ನು ಮಾತ್ರ ಇಲ್ಲ. ಬೆಳ್ತಂಗಡಿಯ ಒಂದು ತರಬೇತಿ ಕೇಂದ್ರದಲ್ಲಿ ವೆಲ್ಡಿಂಗ್ ಕಲಿಸುವವರು ಬೇಕೆಂದಾಗ ಬಸ್ಸು ಹಿಡಿದು ತಾವೇ ಹೋಗಿ, ಕೇಬಲ್ಲಿನ ವಿಷಯದಲ್ಲಿ ಇವನನ್ನು ಕಣ್ಣು ಮುಚ್ಚಿ ನಂಬಬಹುದು ಎಂದು ಹೇಳಿ ಬಂದರು. ನಾನು ಈಗ ತಿನ್ನುತ್ತಿರುವುದು ಆ ಅನ್ನ.

ಶೆಡ್ಡು ಬಿಡುವ ದಿನ ತಡೆಯಲಾರದೆ ಅವರ ಎದುರು ಹೋಗಿ ನಿಂತೆ. “ಮೇಸ್ತ್ರಿ, ನನಗೆ ಬೈಯಿರಿ. ಎರಡು ಹೊಡೆಯಿರಿ. ಹೀಗೆ ಮಾಡ್ಬೇಡಿ.”

“ಯಾಕೆ?” ಎಂದರು. “ನೀನೆಂತ ತಪ್ಪು ಮಾಡಿದ್ದಿ?”

ಅವಸರವೇ ಇಲ್ಲದೆ ಕಾದರು. ಸುತ್ತ ನಾಲ್ಕೈದು ಮಂದಿ ಕಿವಿ ನೆಟ್ಟಗೆ ಮಾಡಿದ್ದರು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ವಾಕ್ಯ ಸಾಕಿತ್ತು. ನನ್ನ ಬಾಯಿಂದ ಬರಲಿಲ್ಲ.

“ಹಾಗಾದ್ರೆ ಒಳ್ಳೇದಾಗ್ಲಿ, ಹೋಗು” ಎಂದರು.

ಎರಡು ವರ್ಷದ ನಂತರ ಅವರು ಸತ್ತದ್ದು ನ್ಯುಮೋನಿಯಾದಿಂದ. ಅದಕ್ಕೂ ಆ ಗುರುವಾರಕ್ಕೂ ಸಂಬಂಧವಿಲ್ಲ. ಡಾಕ್ಟರಲ್ಲಿ ಎರಡು ಸಲ ಕೇಳಿದ್ದೇನೆ. ಸುಡುವ ಮೊದಲು ಪೇಸ್‌ಮೇಕರ್ ತೆಗೆಯಬೇಕು, ಇಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ ಎಂದು ಆಸ್ಪತ್ರೆಯವರು ಅದನ್ನು ತೆಗೆದು, ತೊಳೆದು, ಮನೆಯವರಿಗೆ ಕೊಟ್ಟಿದ್ದರು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಕೂತಿದ್ದೆ. ಅವರ ಹೆಂಡತಿ ಪಂಕ್ತಿಯ ನಡುವೆ ಬಂದು ನನ್ನ ಎಲೆಯ ಪಕ್ಕ ಒಂದು ಸಣ್ಣ ಸ್ಟೀಲಿನ ಡಬ್ಬಿ ಇಟ್ಟರು. “ಇವ್ರು ಹೇಳಿ ಹೋಗಿದ್ದಾರೆ ಮಗಾ. ಇದನ್ನು ಇಷ್ಟು ವರ್ಷ ಕಾಪಾಡಿದವ ನೀನು, ನಿನಗೇ ಕೊಡ್ಬೇಕಂತೆ. ಬೇರೆ ಯಾರಿಗೂ ಕೊಡ್ಬಾರ್ದಂತೆ.” ಆಕೆ ಕಣ್ಣೀರು ಹಾಕುತ್ತಿದ್ದರು. ಪಂಕ್ತಿಯಲ್ಲಿದ್ದವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ನಾನು ಡಬ್ಬಿಯನ್ನು ಕಿಸೆಗೆ ಹಾಕಿಕೊಂಡು, ಬಡಿಸಿದ್ದನ್ನೆಲ್ಲ ಉಂಡೆ.

ಮನೆಯಲ್ಲಿ ಅದನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಕೊನೆಗೆ ಒಂದು ಶನಿವಾರ ಮಂಗಳೂರಿಗೆ ಹೋಗಿ ಅದೇ ಟೆಕ್ನೀಷಿಯನ್ನನ್ನು ಕಂಡೆ. ಒಳಗೆ ಬರೆದದ್ದನ್ನು ಅಳಿಸಲು ಆಗುತ್ತದಾ ಎಂದು ಕೇಳಲು ಹೋದವನು, ಅವನ ಮುಖ ನೋಡಿ ಧೈರ್ಯ ಬಾರದೆ, ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ಕೇಳಿದೆ. ಅವನು ಬಿಲ್ಲೆ ಇಟ್ಟು ನೋಡಿ, ಏನೂ ತೊಂದರೆ ಇಲ್ಲ, ಇನ್ನೂ ಆರು ವರ್ಷ ನಡೆಯುತ್ತದೆ ಎಂದ.